ಹೊಳೆ ಕಡಲು ಸೇರುವ ಊರುಗಳು: ಕುಂದಾಪುರದಿಂದ ಕಾರವಾರಕ್ಕೆ

ಕರಾವಳಿಗೆ ಹೋದವರು ಬೀಚು ನೋಡಿ ಬರುತ್ತಾರೆ. ನಾವೂ ಇಷ್ಟು ವರ್ಷ ಹಾಗೇ ಮಾಡಿದವರು. ಈ ಮೇ ತಿಂಗಳಲ್ಲಿ ಅಕ್ಕ ಬೇರೆಯೇ ಒಂದು ಯೋಚನೆ ಮುಂದಿಟ್ಟಳು. ಕುಂದಾಪುರದಿಂದ ಕಾರವಾರದವರೆಗೆ ಹೆದ್ದಾರಿ 66 ಹಿಡಿದು ಹೋಗೋಣ, ಹೊಳೆ ಕಡಲು ಸೇರುವ ಕಡೆಯಲ್ಲೆಲ್ಲ ನಿಲ್ಲೋಣ ಎಂದಳು. ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಘಟ್ಟದ ಮೇಲಿನವರಾದ ನಮಗೆ ಈ ಹೆಸರುಗಳೇನೂ ಹೊಸತಲ್ಲ. ಇವುಗಳ ಜಲಪಾತ ನೋಡಿದ್ದೇವೆ, ಅಣೆಕಟ್ಟು ನೋಡಿದ್ದೇವೆ. ಕೆಳಗೆ ಹೋಗಿ ಏನಾಗುತ್ತವೆ ಎಂದು ನಿಂತು ನೋಡಿದ್ದು ಕಡಿಮೆ. ಹೋಗಿ ಬಂದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಈ ಕರಾವಳಿಯ ಊಟ, ದುಡಿಮೆ, ಮೀನು, ಹಕ್ಕಿ ಎಲ್ಲವೂ ಹೊಳೆ ಕಡಲು ಸೇರುವ ಅಳಿವೆಯ ಸುತ್ತ ನಿಂತಿವೆ. ಬೀಚು ಅದರ ಒಂದು ಅಂಚು ಮಾತ್ರ.

ಹೊರಟವರು ನಾನು, ಅಕ್ಕ, ಭಾವ ಮತ್ತು ಅವರ ಮಗಳು ಪುಟ್ಟಿ. ಬುದ್ಧ ಪೂರ್ಣಿಮೆ ಎದುರಿಗಿದ್ದ ವಾರ ಅದು. ಹುಣ್ಣಿಮೆ ಹತ್ತಿರ ಬಂದಷ್ಟೂ ಉಬ್ಬರ ಇಳಿತ ಜೋರು. ಅಕ್ಕ ಅದಕ್ಕೇ ಆ ವಾರ ಆರಿಸಿದ್ದು.

ಗುರುವಾರ: ಕುಂದಾಪುರ, ಮರವಂತೆ

ಬೆಳಗ್ಗೆ ಬೇಗ ಹೊರಟು ಹುಲಿಕಲ್ ಘಾಟಿ ಇಳಿದೆವು. ಮೇಲೆ ಗಾಳಿ ತಣ್ಣಗಿತ್ತು. ಹೊಸಂಗಡಿ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮೇ ತಿಂಗಳ ಕರಾವಳಿ ಅಂದರೆ ಬಿಸಿಲಿಗಿಂತ ಸೆಕೆಯದೇ ಕಾಟ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಹೊರಗೆ ಓಡಾಡುವ ಕೆಲಸ ಇಟ್ಟುಕೊಳ್ಳಬಾರದು. ಊಟ ಮಾಡಿ ಫ್ಯಾನಿನ ಕೆಳಗೆ ಮಲಗಿಬಿಡುವುದೇ ಸರಿ.

ಕುಂದಾಪುರದಲ್ಲಿ ಊಟಕ್ಕೆ ನೀರುದೋಸೆ, ಕೋಳಿ ಸುಕ್ಕ. ಆಮೇಲೆ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು. ಸುಕ್ಕದಲ್ಲಿ ಹುರಿದ ತೆಂಗಿನತುರಿಯ ಘಮ ಮೇಲಿತ್ತು, ಖಾರ ಅದರ ಹಿಂದೆ ನಿಧಾನ ಬಂತು. ಪುಟ್ಟಿ ದೋಸೆ ಎಷ್ಟು ತಿಂದಳು ಅಂತ ಲೆಕ್ಕ ಇಡಲಿಲ್ಲ. ಬಡಿಸುವವರು ಕೇಳದೇ ಹಾಕುತ್ತಿದ್ದರು.

ಬಿಸಿಲು ಇಳಿದ ಮೇಲೆ ಕೋಡಿಗೆ ಹೋದೆವು. ಇಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಕೂಡಿ ಒಂದೇ ಬಾಯಲ್ಲಿ ಕಡಲು ಸೇರುತ್ತವೆ. ಅದಕ್ಕೇ ಪಂಚಗಂಗಾವಳಿ. ಎದುರು ದಡದಲ್ಲಿ ಗಂಗೊಳ್ಳಿ ಬಂದರು. ಕಲ್ಲು ಪೇರಿಸಿದ ತಡೆಗೋಡೆಯ ಉದ್ದಕ್ಕೂ ನಡೆದು ಹೋದರೆ ಮೀನಿನ ಬೋಟುಗಳು ಒಂದರ ಹಿಂದೆ ಒಂದು ಒಳಗೆ ಬರುವುದು ಹತ್ತಿರದಿಂದ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಹಾಗಾಗಿ ಮೇ ತಿಂಗಳಲ್ಲಿ ಎಲ್ಲರಿಗೂ ಅವಸರ.

ಕಲ್ಲಿನ ಮೇಲೆ ಒಬ್ಬ ಅಜ್ಜ ಬೀಸುಬಲೆ ಹಿಡಿದು ನಿಂತಿದ್ದರು. ಇಲ್ಲಿ ನೀರು ಸಿಹಿಯೋ ಉಪ್ಪೋ ಅಂತ ಪುಟ್ಟಿ ಕೇಳಿದಳು. ಅವರು ಬಲೆ ಕೊಡವುತ್ತಲೇ ಹೇಳಿದರು: "ಮಳಿಗಾಲ್ದಗೆ ಸೀ ನೀರ್, ಈಗ ಉಪ್ಪ್ ನೀರ್. ಈಗ ಸಮುದ್ರವೇ ಹೊಳಿ ಒಳ್ಗ್ ಬಂದಿತ್ ಮಾರಾಯ್ತಿ." ನಮ್ಮ ಇಡೀ ಪ್ರವಾಸಕ್ಕೆ ಬೇಕಾದ ವಿಷಯ ಆ ಮಾತಿನಲ್ಲಿತ್ತು. ಮಳೆಗಾಲದಲ್ಲಿ ಹೊಳೆ ಕಡಲನ್ನು ತಳ್ಳುತ್ತದೆ. ಬೇಸಿಗೆಯಲ್ಲಿ ಕಡಲು ಹೊಳೆಯೊಳಗೆ ಮೈಲುಗಟ್ಟಲೆ ನುಗ್ಗುತ್ತದೆ. ಯಾವ ಮೀನು ಯಾವಾಗ ಎಲ್ಲಿ ಸಿಗುತ್ತದೆ, ಯಾವ ಗದ್ದೆಯಲ್ಲಿ ಏನು ಬೆಳೆಯುತ್ತದೆ ಎಂಬುದೆಲ್ಲ ಈ ತಳ್ಳಾಟದ ಮೇಲೇ ನಿಂತಿದೆ.

ಸಂಜೆ ಮರವಂತೆ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಫೋಟೋದಲ್ಲಿ ಇದನ್ನು ನೋಡದ ಕನ್ನಡಿಗರು ಯಾರಿದ್ದಾರೆ? ಫೋಟೋದಲ್ಲಿ ಕಾಣದ ಒಂದು ಸಂಗತಿ ಇದೆ. ಕೊಲ್ಲೂರಿನ ಕಡೆಯಿಂದ ಬರುವ ಸೌಪರ್ಣಿಕಾ ಇಲ್ಲಿ ಕಡಲಿಗೆ ರಸ್ತೆಯಷ್ಟು ಹತ್ತಿರ ಬರುತ್ತದೆ, ಆದರೆ ಸೇರುವುದಿಲ್ಲ. ತಿರುಗಿ ದಕ್ಷಿಣಕ್ಕೆ ಹೋಗಿ ಗಂಗೊಳ್ಳಿಯಲ್ಲಿ ಸೇರುತ್ತದೆ. ನಾವು ಮಧ್ಯಾಹ್ನ ನೋಡಿದ ನೀರೇ ಅದು. ಕಡಲಿನ ಕಡೆ ಅಲೆಗಳ ಅಬ್ಬರ, ರಸ್ತೆ ದಾಟಿದರೆ ಅಲುಗದ ಹೊಳೆ. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಬಂದವರು ಕಡಲಲ್ಲೂ ಹೊಳೆಯಲ್ಲೂ ಮಿಂದು ವರಾಹ ಸ್ವಾಮಿಯ ದರ್ಶನ ಮಾಡುತ್ತಾರೆ. ಈ ಜಾಗ ನೋಡಿದವರಿಗೆ ಆ ಪದ್ಧತಿ ತಾನಾಗಿ ಅರ್ಥವಾಗುತ್ತದೆ.

ಇಲ್ಲಿ ಕಡಲಿಗೆ ಇಳಿಯುವುದು ಬೇಡ. ದಡದುದ್ದಕ್ಕೂ ತಡೆಗೋಡೆಯ ಕಲ್ಲು, ಅಲೆ ಜೋರು. ಕಾರನ್ನು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸದೆ ಸ್ವಲ್ಪ ದೂರ ನಿಲ್ಲಿಸಿ ನಡೆದು ಬರುವುದು ವಾಸಿ. ಲಾರಿಗಳು ವೇಗವಾಗಿ ಬರುತ್ತವೆ.

ಶುಕ್ರವಾರ: ಒತ್ತಿನೆಣೆ, ಮುರ್ಡೇಶ್ವರ, ಅಪ್ಸರಕೊಂಡ

ಬೈಂದೂರು ದಾಟಿದ ಮೇಲೆ ಒತ್ತಿನೆಣೆ ಗುಡ್ಡ. ಕೆಂಪು ಮುರಕಲ್ಲಿನ ಬೋಳು ಗುಡ್ಡದ ತುದಿಯಲ್ಲಿ ನಿಂತರೆ ಕೆಳಗೆ ಸೋಮೇಶ್ವರದ ಕಡಲತೀರ, ಅದರ ಪಕ್ಕದಲ್ಲೇ ಬೈಂದೂರು ಹೊಳೆ ಕಡಲು ಸೇರುವ ತಿರುವು. ಬೆಳಗ್ಗೆ ಎಂಟಕ್ಕೆ ಹೋಗಿದ್ದರಿಂದ ನೆರಳಿಲ್ಲದಿದ್ದರೂ ಕಷ್ಟವಾಗಲಿಲ್ಲ.

ಮುರ್ಡೇಶ್ವರದಲ್ಲಿ ಬೇಸಿಗೆ ರಜೆಯ ಜನ. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ ಎಲ್ಲರೂ ಬಲ್ಲದ್ದು. ಗೋಪುರದ ಲಿಫ್ಟಿನ ಸಾಲು ಉದ್ದವಾಗಿತ್ತು, ಆದರೂ ನಿಂತೆವು. ಮೇಲಿನಿಂದ ಕಡಲ ಬಣ್ಣ ಪಟ್ಟಿಪಟ್ಟಿಯಾಗಿ ಬದಲಾಗುವುದು ಕಾಣುತ್ತದೆ, ದೂರದಲ್ಲಿ ನೇತ್ರಾಣಿ ದ್ವೀಪ ಕಂಡಿತು. ಅದಿಷ್ಟಕ್ಕೆ ಸಾಲು ನಿಂತದ್ದು ಸಾರ್ಥಕ.

ಮಧ್ಯಾಹ್ನ ಇಡಗುಂಜಿಯ ಗಣಪನಿಗೆ ಕೈಮುಗಿದೆವು. ಯಕ್ಷಗಾನದ ಇಡಗುಂಜಿ ಮೇಳ ಈ ದೇವರ ಹೆಸರಿನದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ್ದು. ಅಂಗಳದ ಅಂಗಡಿಯಲ್ಲಿ ಮುರುಗಲು ಹಣ್ಣಿನ ಶರಬತ್ತು ಕುಡಿದೆವು. ಮುರುಗಲು ಹಣ್ಣಾಗುವ ಕಾಲ ಇದೇ. ಸಿಪ್ಪೆಗಳನ್ನು ಚಾಪೆಯ ಮೇಲೆ ಒಣಗಲು ಹರಡಿದ್ದರು. ಸೆಕೆಗೆ ಇದರಷ್ಟು ಹಿತವಾದ ಪಾನೀಯ ನಾನು ಕಂಡಿಲ್ಲ. ಮೂರು ಲೋಟ ಕುಡಿದ ಭಾವ ನಾಲ್ಕನೆಯದಕ್ಕೆ ಅಕ್ಕನ ಮುಖ ನೋಡಿದರು.

ಅಪ್ಸರಕೊಂಡದ ಜಲಪಾತ ಮೇ ತಿಂಗಳಲ್ಲಿ ದಾರದಷ್ಟೇ ಇರುತ್ತದೆ. ನೀರು ನೋಡಬೇಕು ಅಂದರೆ ಮಳೆ ಹಿಡಿದ ಮೇಲೆ ಬರಬೇಕು. ಆದರೆ ಮೇಲಿನ ಗುಡ್ಡದಿಂದ ಕಾಣುವ ಸೂರ್ಯಾಸ್ತಕ್ಕೆ ಕಾಲದ ಹಂಗಿಲ್ಲ. ಉತ್ತರಕ್ಕೆ ಕಾಸರಕೋಡಿನ ಗಾಳಿಮರಗಳ ಸಾಲು. ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಚೊಕ್ಕ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮಕ್ಕಳಿದ್ದರೆ ನೀರಿಗಿಳಿಯಲು ಅಲ್ಲಿಗೇ ಹೋಗಿ. ಈಜುವ ಜಾಗ ಗುರುತು ಹಾಕಿದ್ದಾರೆ, ಬಟ್ಟೆ ಬದಲಿಸಲು ಕೋಣೆ ಇದೆ, ತೀರ ಚೊಕ್ಕವಾಗಿದೆ.

ಶನಿವಾರ: ಹೊನ್ನಾವರ, ಶರಾವತಿ

ಜೋಗದಲ್ಲಿ ಧುಮುಕುವ ಶರಾವತಿ ಹೊನ್ನಾವರದಲ್ಲಿ ಎಷ್ಟು ಅಗಲ ಅನ್ನುವುದನ್ನು ರೈಲು ಸೇತುವೆಯೇ ಹೇಳುತ್ತದೆ. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಇಡೀ ಕೊಂಕಣ ರೈಲು ಮಾರ್ಗದಲ್ಲಿ ಇದೇ ಎಲ್ಲಕ್ಕಿಂತ ಉದ್ದದ ಸೇತುವೆ.

ಬೆಳಗ್ಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಅರಣ್ಯ ಇಲಾಖೆ ಮಾಡಿರುವ ಮರದ ಹಾದಿಯಲ್ಲಿ ನಡೆದೆವು. ಉಬ್ಬರದ ಹೊತ್ತು. ಮರಗಳ ಬುಡವೆಲ್ಲ ನೀರಿನಲ್ಲಿ. ಕಾಂಡ್ಲಾ ಮರಗಳಲ್ಲಿ ಎರಡು ಬಗೆಯ ಬೇರು ಗಮನಿಸಿ ಎಂದು ಕಾವಲಿನ ಹುಡುಗ ತೋರಿಸಿದ. ಒಂದು ಜಾತಿ ಕಾಂಡದಿಂದಲೇ ಕಮಾನಿನ ಹಾಗೆ ಬೇರು ಇಳಿಸಿ ಕೆಸರಿನಲ್ಲಿ ಊರಿಕೊಳ್ಳುತ್ತದೆ. ಇನ್ನೊಂದರ ಬೇರು ಕೆಸರಿನಿಂದ ಮೇಲಕ್ಕೆ ಮೊಳೆ ಮೊಳೆಯಾಗಿ ಎದ್ದು ನಿಲ್ಲುತ್ತದೆ. ಕೆಸರಿನೊಳಗೆ ಗಾಳಿ ಸಾಲದು, ಅದಕ್ಕೆ ಹೊರಗೆ ಬಂದು ಉಸಿರಾಡುತ್ತದೆ. ಕೊಂಬೆಗಳಲ್ಲಿ ಉದ್ದನೆಯ ಹಸಿರು ಕೋಡುಗಳು ನುಗ್ಗೆಕಾಯಿಯ ಹಾಗೆ ತೂಗುತ್ತಿದ್ದವು. ಬೀಜ ಮರದಲ್ಲಿದ್ದಾಗಲೇ ಮೊಳಕೆ ಒಡೆದು ಇಷ್ಟು ಉದ್ದ ಬೆಳೆದಿರುತ್ತದೆ. ಬಿದ್ದರೆ ಕೆಸರಿನಲ್ಲಿ ನೆಟ್ಟಗೆ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲಿ ಬೇರೆ ದಡ ಹುಡುಕುತ್ತದೆ. ಹುಟ್ಟುವ ಮೊದಲೇ ಉಪ್ಪುನೀರಿಗೆ ತಯಾರಾಗುವ ಗಿಡ. ಪುಟ್ಟಿ ಅಲ್ಲಿಂದ ಕದಲಲೇ ಇಲ್ಲ.

ಮಧ್ಯಾಹ್ನದ ಮೇಲೆ ದೋಣಿ ಹತ್ತಿದೆವು. ನೀರು ಇಳಿಯುತ್ತಿದ್ದ ಹೊತ್ತು. ಹೊಳೆಯ ನಡುವಿನ ಒಂದು ಕುದ್ರು (ನಡುಗಡ್ಡೆ) ಸುತ್ತಿ ಕಾಂಡ್ಲಾದ ಸಣ್ಣ ಕಾಲುವೆಯೊಳಗೆ ಹೋದ ದೋಣಿ ಹೊರಗೆ ಬರುವಾಗ ಕೆಸರಿಗೆ ಹೊಟ್ಟೆ ತಾಗಿಸಿ ನಿಂತುಬಿಟ್ಟಿತು. ದೋಣಿಯ ಅಣ್ಣ ಇಳಿದು ತಳ್ಳಿದರು. ಅಲುಗಲಿಲ್ಲ. ಸೊಂಟದವರೆಗೆ ಕೆಸರು. ಭಾವ ಇಳಿಯಲು ಎದ್ದಾಗ ಬೇಡ ಎಂದು ಕೈ ತೋರಿಸಿದರು: "ನೀವು ಇಳ್ದ್ರೆ ನಿಮ್ಮನ್ನ ತೆಗಿಲಿಕ್ಕೆ ಮತ್ತೊಬ್ರು ಬೇಕು. ಕೂತ್ಕೊಳ್ಳಿ, ನೀರು ಹತ್ತುತದೆ."

ಒಂದು ತಾಸಿನ ಮೇಲೇ ಕೂತಿದ್ದೆವು. ಆ ತಾಸು ಈ ಪ್ರವಾಸದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ. ನೀರು ಸರಿದ ಕೆಸರಿನ ಮೇಲೆ ಒಂದು ಕೈ ಮಾತ್ರ ದೊಡ್ಡದಿರುವ ಕೆಂಪು ಏಡಿಗಳು ನೂರಾರು ಹೊರಬಂದವು. ಕಣ್ಣು ತಲೆಯ ಮೇಲಿರುವ ಸಣ್ಣ ಮೀನುಗಳು ಕೆಸರಿನಲ್ಲಿ ಕುಪ್ಪಳಿಸಿದವು. ಬೆಳ್ಳಕ್ಕಿಗಳು ಒಂದೊಂದೇ ಇಳಿದವು. ಮೇಲೆ ಗರುಡ ಸುತ್ತುತ್ತಿತ್ತು. ಇಂಜಿನ್ ಸದ್ದು ಇದ್ದಿದ್ದರೆ ಇವೊಂದೂ ಕಾಣುತ್ತಿರಲಿಲ್ಲ.

ದೋಣಿಯ ಅಣ್ಣ ಮೀನಿನ, ಬಳಚು ಅನ್ನುವ ಚಿಪ್ಪುಮೀನಿನ ಮಾತು ತೆಗೆದರು. ಮೇಲೆ ಲಿಂಗನಮಕ್ಕಿ ಅಣೆಕಟ್ಟು, ಕೆಳಗೆ ಗೇರುಸೊಪ್ಪೆಯದು. ಕರೆಂಟಿಗೆ ನೀರು ಬಿಡುವುದರಿಂದ ಶರಾವತಿಗೆ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುತ್ತದೆ. "ಬ್ಯಾಸಿಗೆಲಿ ನೀರು ಉಪ್ಪಾಗ್ಬೇಕು. ಅದು ಆಗ್ದಿದ್ರೆ ಬಳಚಿಗೆ ಆಗ್ತಿಲ್ಲ. ನಮ್ಮಜ್ಜಿ ಈ ಹೊಳೇಲಿ ಬಳಚು ಹೆಕ್ಕಿದ್ದು ಹೇಳ್ತಿದ್ಲು. ಈಗ ತಿನ್ನೂಕೆ ಬೇಕಂದ್ರೆ ಅಘನಾಶಿನಿದು ತರ್ಬೇಕು." ನೀರು ಕಡಿಮೆಯಾದರೆ ಮಾತ್ರ ಹೊಳೆಗೆ ತೊಂದರೆ ಎಂದು ನಾವು ಘಟ್ಟದ ಮೇಲಿನವರು ಅಂದುಕೊಂಡಿರುತ್ತೇವೆ. ಅಳಿವೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಸಿಹಿನೀರೂ ತೊಂದರೆಯೇ. ಇದನ್ನು ಯೋಚಿಸುತ್ತ ಕೂತಿದ್ದಾಗಲೇ ದೋಣಿ ಮೆಲ್ಲಗೆ ಎದ್ದಿತು.

ದೋಣಿ ಹತ್ತುವ ಮೊದಲು ಉಬ್ಬರದ ಹೊತ್ತು ಕೇಳಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡ. ಇಷ್ಟು ಗೊತ್ತಿದ್ದರೆ ಮರುದಿನದ ಲೆಕ್ಕ ನೀವೇ ಹಾಕಬಹುದು. ಕಾಂಡ್ಲಾ ನೋಡಲು ಉಬ್ಬರ ಚೆನ್ನ, ಹಕ್ಕಿ ನೋಡಲು ಇಳಿತ.

ಭಾನುವಾರ: ಕುಮಟಾ, ಮಿರ್ಜಾನ, ಅಘನಾಶಿನಿ

ಕುಮಟಾ ಹತ್ತಿರವಾದಂತೆ ಹೆದ್ದಾರಿಯ ಬದಿಯಲ್ಲಿ ಈರುಳ್ಳಿಯ ಜಡೆಗಳು. ಕುಮಟಾದ ಸಿಹಿ ಈರುಳ್ಳಿಯನ್ನು ದಂಟು ಸಮೇತ ಹೆಣೆದು ನೇತುಹಾಕಿ ಮಾರುತ್ತಾರೆ. ಹಸಿಯಾಗಿ ಕಚ್ಚಿ ತಿಂದರೂ ಕಣ್ಣಲ್ಲಿ ನೀರು ಬರುವುದಿಲ್ಲ. "ಗಾಳಿ ಆಡೂ ಕಡೆ ತೂಗ್ಸಿ, ಮಳಿಗಾಲ ಪೂರ್ತಿ ಬರ್ತದೆ" ಎಂದರು ಮಾರುತ್ತಿದ್ದ ಅಮ್ಮ. ಕಾರಿನ ಹಿಂದಿನ ಸೀಟಿನಲ್ಲಿ ಎರಡು ಜಡೆ ತೂಗಿಸಿದೆವು. ಅಲ್ಲಿಂದ ಮುಂದೆ ಕಾರಿಗೆ ಅದೇ ವಾಸನೆ.

ಮಿರ್ಜಾನ ಕೋಟೆಗೆ ಬೆಳಗ್ಗೆಯೇ ಹೋದದ್ದು ಒಳ್ಳೆಯದಾಯಿತು. ಮುರಕಲ್ಲಿನ ಗೋಡೆಗಳ ಮೇಲೆ ಪಾಚಿ ಒಣಗಿ ಬೂದಿಬಣ್ಣವಾಗಿತ್ತು. ಮಳೆಗಾಲದ ಹಸಿರು ಕೋಟೆಯ ಚಿತ್ರ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇದು ಬೇರೆಯೇ ಕೋಟೆ. ನನಗೆ ಬೇಸಿಗೆಯ ರೂಪ ಹೆಚ್ಚು ಹಿಡಿಸಿತು, ಕಲ್ಲಿನ ಕೆಲಸ ಬಿಡಿಬಿಡಿಯಾಗಿ ಕಾಣುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಸೇರಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಕೋಟೆ ಇಲ್ಲೇ ಯಾಕೆ ಅಂದರೆ ಉತ್ತರ ಪಕ್ಕದಲ್ಲೇ ಹರಿಯುತ್ತದೆ. ಘಟ್ಟದ ಮೆಣಸು ಅಘನಾಶಿನಿ ಕಣಿವೆಯಲ್ಲಿ ಇಳಿದು ಬರುತ್ತಿತ್ತು, ಇಲ್ಲಿಂದ ದೋಣಿಯಲ್ಲಿ ಕಡಲಿಗೆ.

ಮಧ್ಯಾಹ್ನದ ಊಟ ಭಾವನ ಪರಿಚಯದವರ ಮನೆಯಲ್ಲಿ. ಅಪ್ಪೆಹುಳಿ, ತಂಬುಳಿ, ಹಲಸಿನಕಾಯಿ ಪಲ್ಯ, ಕೆಂಪು ಅನ್ನ. ಅನ್ನದ ಅಕ್ಕಿ ಯಾವುದು ಎಂದು ಅಕ್ಕ ಕೇಳಿದ್ದೇ ತಡ, ಮನೆಯ ಹಿರಿಯರು ಉತ್ಸಾಹದಿಂದ ಶುರು ಮಾಡಿದರು. ಅದು ಕಗ್ಗ. ಅಳಿವೆಯ ಪಕ್ಕದ ಗಜನಿ ಗದ್ದೆಗಳಲ್ಲಿ ಬೆಳೆಯುವ ಭತ್ತ. ಉಪ್ಪುನೀರು ತಡೆಯುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ ಹಾಕುವುದಿಲ್ಲ, ಹೊಳೆ ತರುವ ಗೋಡುಮಣ್ಣೇ ಸಾಕು. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲು ಗದ್ದೆಯಲ್ಲೇ ಬಿಡುತ್ತಾರೆ. ಅದು ಕೊಳೆತು ಮೀನು, ಸೀಗಡಿಗೆ ಆಹಾರ. ಬಂಡಿನ ತೂಬಿನ ಹಲಗೆ ಎತ್ತಿದರೆ ಉಬ್ಬರದ ಜೊತೆ ಸೀಗಡಿ ಮರಿ ಒಳಗೆ ಬರುತ್ತದೆ. ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅನ್ನ, ಆಮೇಲೆ ಮೀನು. ಸೀಗಡಿಯಲ್ಲೇ ದುಡ್ಡು ಜಾಸ್ತಿ ಎಂದು ಅನೇಕರು ಭತ್ತ ಬಿಟ್ಟರು, ಕಗ್ಗದ ಬೀಜ ಉಳಿಸಿಕೊಂಡವರು ಮಾಣಿಕಟ್ಟಾದಂಥ ಕೆಲವೇ ಊರುಗಳಲ್ಲಿದ್ದಾರೆ ಎಂದರು. ಹೇಳುವಾಗ ಅವರ ದನಿ ಸಣ್ಣದಾಯಿತು.

ಮೂರೂವರೆಗೆ ಅಘನಾಶಿನಿ ಊರಿನ ದಡದಲ್ಲಿದ್ದೆವು. ಹಿಂದಿನ ದಿನದ ಲೆಕ್ಕದಂತೆ ನೀರು ಇನ್ನೂ ಇಳಿಯುತ್ತಿತ್ತು. ಹೊಳೆಯ ನಡುವೆ ಮರಳ ದಿಬ್ಬಗಳು ಒಂದೊಂದಾಗಿ ತಲೆ ಎತ್ತಿದವು. ದೋಣಿಗಳಲ್ಲಿ ಜನ ಬಂದು ಇಳಿದರು, ಹೆಂಗಸರೇ ಜಾಸ್ತಿ. ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗಿನ ನೀರಿನಲ್ಲಿ ಬಾಗಿ, ಕೈಯಿಂದಲೇ ಮರಳು ಬಗೆದು ಬಳಚು ಹೆಕ್ಕತೊಡಗಿದರು. ಕಣ್ಣಿಗೆ ಕಾಣುವುದಿಲ್ಲ. ಪಾದಕ್ಕೆ ತಾಗಿದ್ದು ಕೈಗೆ ಗೊತ್ತಾಗಬೇಕು.

ಹತ್ತಿರ ಇದ್ದವರೊಬ್ಬರು ಪುಟ್ಟಿಯನ್ನು ಕರೆದರು. "ಬಾ ಮಗಾ, ಕಾಲಲ್ಲಿ ನೋಡು." ಅವಳು ಹತ್ತು ನಿಮಿಷ ತಡಕಾಡಿ ಮೂರು ಬಳಚು ಹಿಡಿದಳು. ಅಷ್ಟರಲ್ಲಿ ಅವರ ಬುಟ್ಟಿ ಅರ್ಧ ತುಂಬಿತ್ತು. ಸಣ್ಣವನ್ನು ವಾಪಸ್ ನೀರಿಗೆ ಹಾಕುತ್ತಿದ್ದರು. ಯಾಕೆ ಅಂದೆ. "ಮುಂದಿನ ವರ್ಷಕ್ಕೆ ಬ್ಯಾಡ್ವಾ?" ಅಂದರು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದಾಗ ಈ ಕೆಲಸ ಇಲ್ಲ. ಉಳಿದ ಕಾಲದಲ್ಲಿ ಮನೆಯ ಪೇಟೆ ಖರ್ಚು, ಮಕ್ಕಳ ಶಾಲೆಯ ಖರ್ಚು ಇದರಿಂದಲೇ. ದೋಣಿ ಇಲ್ಲದವರಿಗೂ ಬಲೆ ಇಲ್ಲದವರಿಗೂ ಹೊಳೆ ಇಷ್ಟು ಕೊಡುತ್ತದೆ.

ಅಘನಾಶಿನಿಗೆ ಶಿರಸಿಯ ಕಡೆಯಿಂದ ಇಲ್ಲಿಯವರೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಉಂಚಳ್ಳಿಯಲ್ಲಿ ಧುಮುಕಿ ತನ್ನ ಪಾಡಿಗೆ ತಾನು ಬಂದು ಕಡಲು ಸೇರುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ತಪ್ಪದೆ. ಹೊನ್ನಾವರದ ದೋಣಿಯ ಅಣ್ಣ ಹೇಳಿದ್ದು ಇಲ್ಲಿ ಕಣ್ಣೆದುರಿಗೇ ಕಂಡಿತು. ಈ ಅಳಿವೆಯ 4,801 ಹೆಕ್ಟೇರಿಗೆ 2024ರಲ್ಲಿ ರಾಮ್‌ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗುನೆಲ ಎಂಬ ಅಂತಾರಾಷ್ಟ್ರೀಯ ಗುರುತು ಬಂದಿದೆ. ಆ ಪಟ್ಟ ಬಹಳ ಮೊದಲೇ ಬರಬೇಕಿತ್ತು ಅನ್ನಿಸಿತು.

ಕಾರನ್ನು ಅಲ್ಲೇ ಬಿಟ್ಟು ದೋಣಿಯಲ್ಲಿ ತದಡಿಗೆ ದಾಟಿ ಬಂದೆವು. ರಸ್ತೆಯಲ್ಲಿ ಸುತ್ತಿ ಹೋದರೆ ದೂರ, ನೀರಿನಲ್ಲಿ ಕೆಲವೇ ನಿಮಿಷ. ಬೈಕುಗಳೂ ದೋಣಿಯಲ್ಲೇ ದಾಟುತ್ತವೆ. ಪಕ್ಕದಲ್ಲಿ ಕೂತ ಮೇಷ್ಟ್ರು ದಿನಾ ಹೀಗೇ ಶಾಲೆಗೆ ಹೋಗುತ್ತಾರಂತೆ. ರಾತ್ರಿ ಕುಮಟಾದಲ್ಲಿ ಬಳಚಿನ ಸುಕ್ಕ ಸಿಕ್ಕಿತು. ಕಾಯಿ, ಮಸಾಲೆ ಎಲ್ಲ ಚಿಪ್ಪಿನೊಳಗೆ ಇಳಿದಿತ್ತು. ಪುಟ್ಟಿ ಪ್ರತಿ ಚಿಪ್ಪನ್ನೂ ತಿರುಗಿಸಿ ನೋಡಿ ತಿಂದಳು.

ಸೋಮವಾರ: ಸಾಣಿಕಟ್ಟಾ, ಗೋಕರ್ಣ

ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾ. ಉಪ್ಪಿನ ಗದ್ದೆಗಳು ದೂರದವರೆಗೆ ಕನ್ನಡಿ ಹಾಸಿದಂತೆ ಹೊಳೆಯುತ್ತಿದ್ದವು. ಅಳಿವೆಯ ಉಪ್ಪುನೀರನ್ನು ಉಬ್ಬರದಲ್ಲಿ ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಿಗೆ ಇಂಗಿಸಿ ಕೊನೆಯ ಪಾತಿಯಲ್ಲಿ ಹರಳು ಕಟ್ಟಿಸುತ್ತಾರೆ. ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. 1930ರ ಉಪ್ಪಿನ ಸತ್ಯಾಗ್ರಹ ಅಂಕೋಲದಲ್ಲಿ ಅಷ್ಟು ಜೋರಾಗಿ ನಡೆದದ್ದು ಈ ಸೀಮೆಯಲ್ಲಿ ಉಪ್ಪು ದಿನನಿತ್ಯದ ಬದುಕೇ ಆಗಿದ್ದರಿಂದ.

ನಾವು ಬದುವಿನ ಮೇಲೆ ನಿಂತಿದ್ದಾಗಲೇ ಪೂರ್ವದ ಘಟ್ಟದ ಕಡೆ ಮೋಡ ಕಪ್ಪಾಯಿತು. ಗಾಳಿ ತಟ್ಟನೆ ನಿಂತಿತು. ಕೆಲಸದವರು ತಲೆ ಎತ್ತಿ ನೋಡಿದರು, ಅಷ್ಟೇ. ಮರುಕ್ಷಣ ಎಲ್ಲರೂ ಓಡಾಟ. ಪ್ಲಾಸ್ಟಿಕ್ ತಾಡಪಾಲು, ಹೆಣೆದ ತೆಂಗಿನ ಗರಿ, ಸಿಕ್ಕಿದ್ದೆಲ್ಲ ತಂದು ರಾಶಿಗಳ ಮೇಲೆ ಹೊದಿಸತೊಡಗಿದರು. ಭಾವ ಮತ್ತು ನಾನು ಒಂದು ತಾಡಪಾಲಿನ ತುದಿ ಹಿಡಿದೆವು. ಗಾಳಿ ಮತ್ತೆ ಎದ್ದಾಗ ತಾಡಪಾಲು ನಮ್ಮನ್ನೇ ಎಳೆಯಿತು. ಕಲ್ಲು ಹೇರಿ ಮುಗಿಸುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಇಪ್ಪತ್ತು ನಿಮಿಷ ಸುರಿದು ನಿಂತಿತು. ಹೊದಿಸಿದ ರಾಶಿ ಉಳಿಯಿತು. ಪಾತಿಯಲ್ಲಿ ಹರಳು ಕಟ್ಟುತ್ತಿದ್ದ ಉಪ್ಪು ಕರಗಿತು, ಎಷ್ಟೋ ದಿನದ ಬಿಸಿಲಿನ ಕೆಲಸ. ಕೊಡೆ ಹಿಡಿದು ಬಂದ ಹಿರಿಯರೊಬ್ಬರು "ಈ ಮಳೆ ಮಾವಿನಹಣ್ಣಿಗೂ ಬ್ಯಾಡ, ಉಪ್ಪಿಗೂ ಬ್ಯಾಡ" ಎಂದು ಪಾತಿಯನ್ನೇ ನೋಡುತ್ತ ನಿಂತರು. ನಾವು ಮೈ ತಣ್ಣಗಾಯಿತು ಎಂದು ಖುಷಿಪಡುತ್ತಿದ್ದವರು ಸುಮ್ಮನಾದೆವು. ಅಲ್ಲಿಯೇ ಹರಳುಪ್ಪು ಕೊಂಡೆವು. ಮಿಡಿ ಉಪ್ಪಿನಕಾಯಿಗೆ ಅಮ್ಮನಿಗೆ ಇಂಥದ್ದೇ ಬೇಕು.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಕೋಟಿತೀರ್ಥದ ಸುತ್ತ ಒಂದು ಸುತ್ತು. ಸಂಜೆ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದೆವು. ಮಳೆ ಬಿದ್ದ ಮುರಕಲ್ಲು ಜಾರುತ್ತದೆ, ಚಪ್ಪಲಿಗಿಂತ ಶೂ ಒಳ್ಳೆಯದು. ಮೇಲಿನಿಂದ ಎರಡು ಅರ್ಧಚಂದ್ರ ಕೂಡಿದ ಓಂ ಬೀಚು ಪೂರ್ತಿ ಕಾಣುತ್ತದೆ. ಕತ್ತಲಾಗುವ ಮೊದಲೇ ವಾಪಸ್ ಹೊರಡಿ. ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಜೀವರಕ್ಷಕರು ಸೀಟಿ ಊದಿ ಊದಿ ಕರೆಯುತ್ತಿದ್ದರು. ಅವರ ಮಾತು ಕೇಳಿ. ಇಲ್ಲಿನ ಅಲೆ ಬಂಡೆ ಹತ್ತಿ ಎಳೆದುಕೊಂಡು ಹೋಗುತ್ತದೆ.

ಮಂಗಳವಾರ: ಶಿರೂರು, ಅಂಕೋಲ, ಕಾರವಾರ

ಮಾದನಗೇರಿಯಲ್ಲಿ ಹೆದ್ದಾರಿ ಸೇರಿ ಗಂಗಾವಳಿ ದಾಟಿದೆವು. ಮುಂದೆ ಶಿರೂರು. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. 2024ರ ಜುಲೈ 16ರಂದು ಈ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಹೋಟೆಲು, ನಿಂತಿದ್ದ ಲಾರಿ, ಜನ ಎಲ್ಲ ಗಂಗಾವಳಿಯ ಪಾಲಾದರು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಗುಡ್ಡದ ಕೆಂಪು ಗಾಯ ಇನ್ನೂ ಹಸಿಯಾಗಿದೆ. ಮಳೆಗಾಲದಲ್ಲಿ ಈ ದಾರಿಯಲ್ಲಿ ಹೋಗುವವರು ಹವಾಮಾನದ ಎಚ್ಚರಿಕೆ ನೋಡಿಯೇ ಹೊರಡಬೇಕು, ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬಾರದು.

ಅಂಕೋಲದ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕೊರಳು ತುಂಬ ಕರಿಮಣಿ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಈ ತಾಲೂಕಿನವರು, ಇದೇ ಸಮುದಾಯದವರು. ಒಬ್ಬರು ಸಾವಿರಾರು ಹಾಡು ಉಳಿಸಿದವರು, ಇನ್ನೊಬ್ಬರು ಗಿಡ ಬೆಳೆಸಿದವರು. ಇಬ್ಬರೂ ಈಗಿಲ್ಲ. ವಾಪಸ್ ಬರುವಾಗ ಮಾವು ಕೊಳ್ಳೋಣ ಎಂದು ಮುಂದೆ ಹೋದೆವು.

ಕಾರವಾರದಲ್ಲಿ ಕಾಳಿ. ಈ ಪ್ರವಾಸದ ಕೊನೆಯ ಹೊಳೆ. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಲಾರಿಯ ಸಮೇತ ಹೊಳೆಗೆ ಬಿದ್ದ ಚಾಲಕನನ್ನು ಕಾಪಾಡುವಲ್ಲಿ ಮೀನುಗಾರರ ಪಾಲು ದೊಡ್ಡದು. ಊಟದ ಹೋಟೆಲಿನಲ್ಲಿ ಎದುರು ಕೂತವರು ಆ ರಾತ್ರಿಯ ಕತೆ ಹೇಳಿದರು. ಮಳೆ, ಕತ್ತಲೆ, ಹೊಳೆ ತುಂಬಿ ಹರಿಯುತ್ತಿತ್ತು, ಆದರೂ ದೋಣಿ ಇಳಿಸಿದರು. ಹೇಳುವಾಗ ಅವರಿಗೆ ಹೆಮ್ಮೆ. ನಮ್ಮ ತಟ್ಟೆಯಲ್ಲಿ ರವೆ ಹಚ್ಚಿ ಹುರಿದ ಬಂಗಡೆ, ಪಕ್ಕದಲ್ಲಿ ಗುಲಾಬಿ ಬಣ್ಣದ ಸೋಲ್ ಕಡಿ.

ಬಿಸಿಲು ಇಳಿದ ಮೇಲೆ ಸದಾಶಿವಗಡ ಹತ್ತಿದೆವು. ಸೋಂದೆಯ ಅರಸ ತನ್ನ ತಂದೆಯ ಹೆಸರಿಟ್ಟು ಕಟ್ಟಿಸಿದ ಕೋಟೆ. ಈಗ ಉಳಿದದ್ದು ಕಡಿಮೆ. ಆದರೆ ಕಾಳಿ ಕಡಲು ಸೇರುವ ಇಡೀ ನೋಟ ಇಲ್ಲಿಂದ ಒಂದೇ ಕಣ್ಣಿಗೆ ಸಿಗುತ್ತದೆ. ಕೆಳಗೆ ಸೇತುವೆ, ಪಶ್ಚಿಮಕ್ಕೆ ದೇವಬಾಗದ ಮರಳ ನಾಲಿಗೆ, ಆಚೆ ದ್ವೀಪಗಳು. ಹೊಳೆಯ ಕಂದು ನೀರು ಕಡಲ ಹಸಿರಿನೊಳಗೆ ಎಲ್ಲಿಯವರೆಗೆ ಹೋಗುತ್ತದೆ ಎಂಬ ಗೆರೆಯೂ ಕಂಡಿತು.

ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಕಾರವಾರಕ್ಕೆ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಬೆಳದಿಂಗಳ ರಾತ್ರಿಯೊಂದರಲ್ಲಿ ಕಾಳಿಯಲ್ಲಿ ದೋಣಿ ಹತ್ತಿ ಹೋಗಿ, ಇಳಿತದ ನೀರಿನ ಜೊತೆ ತೇಲಿ ಅಳಿವೆಗೆ ಬಂದು, ಅಲ್ಲಿಂದ ಮರಳಿನ ಮೇಲೆ ಮನೆಗೆ ನಡೆದದ್ದನ್ನು ಅವರೇ ಬರೆದಿದ್ದಾರೆ. ಊರಿನ ಬೀಚಿಗೆ ಅವರ ಹೆಸರೇ ಇದೆ. ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇರುವುದೂ ಅಲ್ಲೇ. ಮಕ್ಕಳಿಗೆ ಖಂಡಿತ ಹಿಡಿಸುತ್ತದೆ. ಬಾಗಿಲು ತೆರೆಯುವ ಹೊತ್ತು ಮೊದಲೇ ಕೇಳಿಕೊಂಡು ಹೋಗಿ, ನಾವು ಹೋದಾಗ ಮುಚ್ಚುವ ಹೊತ್ತು ಹತ್ತಿರವಾಗಿತ್ತು.

ಮರುದಿನ ಅಂಕೋಲದಲ್ಲಿ ನಿಂತು ಕರಿ ಇಶಾಡ ಕೊಂಡೆವು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲದ ಹೆಮ್ಮೆಯ ಮಾವು. ಸಿಪ್ಪೆ ತೆಳು, ತಿರುಳು ಜಾಸ್ತಿ, ದೂರ ಸಾಗಿಸಿದರೆ ಬೇಗ ಕೆಡುತ್ತದೆ. ಮಾರುವ ಅಜ್ಜಿ ಹಣ್ಣುಗಳನ್ನು ಮೂರು ಪಾಲು ಮಾಡಿ ಬೇರೆ ಬೇರೆ ಕಾಗದದಲ್ಲಿ ಸುತ್ತಿದರು. "ಇದು ದಾರೀಲಿ ತಿನ್ನಿ. ಇದು ನಾಳೆ. ಇದನ್ನ ಹುಲ್ಲಲ್ಲಿಡಿ, ಎರಡು ದಿನ ಮುಟ್ಬೇಡಿ." ಮೊದಲ ಪಾಲು ಯಲ್ಲಾಪುರದ ದಾರಿಯಲ್ಲಿ ಅರಬೈಲ್ ಘಾಟಿ ಹತ್ತುವ ಮೊದಲೇ ಮುಗಿಯಿತು. ಅಕ್ಕ ಆಗಲೇ ಅಘನಾಶಿನಿಗೆ ಮಳೆಗಾಲದಲ್ಲಿ ಹೋಗುವ ಮಾತು ತೆಗೆದಿದ್ದಾಳೆ. ಕಗ್ಗ ಗದ್ದೆಯಲ್ಲಿ ಎತ್ತರಕ್ಕೆ ನಿಂತದ್ದು ನೋಡಬೇಕಂತೆ, ಆಗಸ್ಟ್ ಕೊನೆಗೆ ಹೋದರೆ ಸರಿಹೋಗಬಹುದು ಎಂದು ಕುಮಟಾದ ಮನೆಯವರೂ ಹೇಳಿದ್ದಾರೆ.